ರೆಕ್ಕೆಯನ್ನು ನೋಡದವಳು

ಕೊರೊನಾ ಕಳೆದ ಮರುವರ್ಷ ನಾನು ಜಹೀರಾಬಾದ್ ಕಡೆಯ ಒಂದು ಆಸ್ಪತ್ರೆಯಲ್ಲಿ ಕಣ್ಣಿನ ಪರೀಕ್ಷಕನಾಗಿದ್ದೆ. ನಿವೃತ್ತಿಗೆ ಇನ್ನು ಎರಡೂವರೆ ವರ್ಷವಿತ್ತು. ಮನೆ ತಾಂಡೂರಿನಲ್ಲಿ. ವಾರವಿಡೀ ಜಹೀರಾಬಾದಿನ ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ಮಧ್ಯಾಹ್ನ ತಾಂಡೂರಿನ ಬಸ್ಸು ಹಿಡಿಯುತ್ತಿದ್ದೆ. ನೇತ್ರ ವೈದ್ಯರು ವಾರಕ್ಕೆ ಎರಡೇ ದಿನ ಬರುತ್ತಿದ್ದರು. ಉಳಿದ ದಿನಗಳಲ್ಲಿ ಕಣ್ಣಿನ ವಿಭಾಗವೆಂದರೆ ಒಂದು ಕತ್ತಲೆ ಕೋಣೆ, ಅಕ್ಷರದ ಬೋರ್ಡು, ಒಂದು ಟಾರ್ಚು ಮತ್ತು ನಾನು. ಜನ ನನ್ನನ್ನು ಚಷ್ಮಾ ಡಾಕ್ಟರ್ ಎನ್ನುತ್ತಿದ್ದರು. ನಾನು ಡಾಕ್ಟರ್ ಅಲ್ಲ ಎಂದು ಮೊದಲ ಹತ್ತು ವರ್ಷ ತಿದ್ದಿದೆ, ಆಮೇಲೆ ಬಿಟ್ಟುಬಿಟ್ಟೆ. ನಿಜ ಹೇಳಬೇಕೆಂದರೆ ಹಾಗೆ ಕರೆಸಿಕೊಳ್ಳುವುದು ಹಿತವಾಗಿಯೇ ಇತ್ತು.

ನನ್ನ ಕೆಲಸದ ಮುಖ್ಯ ಭಾಗ ಚಾಲಕರ ಕಣ್ಣು ಪರೀಕ್ಷೆ. ಕಬ್ಬಿನ ಟ್ರಾಕ್ಟರಿನವರು, ಲಾರಿಯವರು, ಆಟೋದವರು ಲೈಸೆನ್ಸಿನ ಕಾಗದ ಹಿಡಿದು ಸಾಲುಗಟ್ಟುತ್ತಿದ್ದರು. ಆರು ಮೀಟರ್ ದೂರದಲ್ಲಿ ಕೂರಿಸಿ ಬೋರ್ಡು ಓದಿಸುತ್ತೇವೆ. ಸಾಮಾನ್ಯ ಕಣ್ಣು ಆರು ಮೀಟರಿನಿಂದ ಓದಬಲ್ಲ ಸಾಲನ್ನು ಅವರೂ ಓದಿದರೆ ಸಿಕ್ಸ್ ಬೈ ಸಿಕ್ಸ್. ಅದೇ ಸಾಮಾನ್ಯ ದೃಷ್ಟಿ. ಕೆಲವರು ಹೊರಗೆ ನಿಂತು ಬೋರ್ಡಿನ ಕೊನೆಯ ಸಾಲನ್ನು ಬಾಯಿಪಾಠ ಮಾಡಿಕೊಂಡು ಬರುತ್ತಿದ್ದರು. ಅದಕ್ಕೇ ನಾನು ಎರಡು ಬೋರ್ಡು ಇಟ್ಟಿದ್ದೆ. ಸಿಕ್ಕಿಬಿದ್ದವರಿಗೆ ಒಂದು ಸುತ್ತು ಬೈಗುಳ ಉಚಿತ. ಬೋರ್ಡು ಸುಳ್ಳು ಹೇಳುವುದಿಲ್ಲ ಎಂಬುದು ನನ್ನ ದಿನನಿತ್ಯದ ಮಾತಾಗಿತ್ತು. ನನ್ನ ಕೈಯಿಂದ ಹೋದ ಯಾವ ಕಾಗದವೂ ಮೂವತ್ತು ವರ್ಷದಲ್ಲಿ ತಪ್ಪೆಂದು ವಾಪಸು ಬಂದಿರಲಿಲ್ಲ. ಇದನ್ನು ನಾನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ.

ಅದು ಕಬ್ಬು ಕಡಿಯುವ ಕಾಲ. ನಾರಾಯಣಖೇಡದ ಹತ್ತಿರದ ಹಳ್ಳಿಯೊಂದರಲ್ಲಿ ಕಣ್ಣಿನ ಪೊರೆ ತಪಾಸಣೆಯ ಶಿಬಿರ ಮುಗಿಸಿ ಜೀಪಿನಲ್ಲಿ ಜಹೀರಾಬಾದಿಗೆ ಮರಳುತ್ತಿದ್ದೆವು. ಮಧ್ಯಾಹ್ನ ನಾಲ್ಕರ ಹೊತ್ತು. ದಾರಿಯಲ್ಲಿ ಒಂದು ಕ್ರಾಸಿನ ಬಳಿ ವಾಹನಗಳೆಲ್ಲ ನಿಂತಿದ್ದವು. ನಮ್ಮ ಚಾಲಕ ಖಾಜಾ ಮಿಯಾ ತಲೆ ಹೊರಗೆ ಹಾಕಿ ನೋಡಿ, "ಸಾಬ್, ಇಳದು ನೋಡ್ರಿ. ಇಂಥಾದು ಜಿಂದಗಿನಾಗ ನೋಡಿಲ್ಲ" ಎಂದ.

ಗಾಳಿಯಂತ್ರದ ರೆಕ್ಕೆ ಅದು. ಗುಡ್ಡದ ಮೇಲೆ ತಿರುಗುತ್ತಾವಲ್ಲ, ಆ ಯಂತ್ರಗಳ ಒಂದೇ ಒಂದು ರೆಕ್ಕೆ. ದೂರದಿಂದ ನೋಡಿದಾಗ ಆಟಿಕೆಯಂತೆ ಕಾಣುವುದು ಹತ್ತಿರದಲ್ಲಿ ಒಂದು ಓಣಿಯಷ್ಟು ಉದ್ದವಿತ್ತು. ಲೆಕ್ಕವಿಲ್ಲದಷ್ಟು ಚಕ್ರಗಳ ಟ್ರೈಲರಿನ ಮೇಲೆ ಅದನ್ನು ಮಲಗಿಸಿ ತಂದಿದ್ದರು. ಕ್ರಾಸಿನಲ್ಲಿ ತಿರುಗಿಸುವಾಗ ಅದರ ಬಾಲ ರಸ್ತೆ ದಾಟಿ ಹೊಲದ ಮೇಲೆ, ಜನರ ತಲೆಯ ಮೇಲೆ ಬೀಸಿಕೊಂಡು ಹೋಗಬೇಕಿತ್ತು. ಮೂರ್ನಾಲ್ಕು ಜನ ಉದ್ದನೆಯ ಬಿದಿರು ಹಿಡಿದು ಕರೆಂಟ್ ತಂತಿ ಎತ್ತುತ್ತಿದ್ದರು. ಒಬ್ಬ ಸೀಟಿ ಊದುತ್ತಿದ್ದ. ಊರಿಗೆ ಊರೇ ಅಲ್ಲಿತ್ತು. ಹೋಟೆಲಿನವನು ಒಲೆಯ ಮೇಲಿನ ಚಹಾ ಬಿಟ್ಟು ಬಂದಿದ್ದ. ಎಲ್ಲರ ಕೈಯಲ್ಲೂ ಫೋನು, ಎಲ್ಲರ ಮುಖವೂ ಮೇಲಕ್ಕೆ. ನಾನೂ ರಸ್ತೆಯಂಚಿನಲ್ಲಿ ನಿಂತು ಫೋನ್ ತೆಗೆದು ವಿಡಿಯೊ ಮಾಡತೊಡಗಿದೆ. ಆ ಬಿಳಿ ಬಾಲ ಆಕಾಶದಲ್ಲಿ ಮೆಲ್ಲಗೆ ತಿರುಗುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದೆ.

ಆಮೇಲೆ ಒಂದು ಸದ್ದು, ಒಂದು ಕೂಗು. ತಿರುಗಿ ನೋಡಿದರೆ ನನ್ನಿಂದ ಹತ್ತು ಹೆಜ್ಜೆಯಲ್ಲಿ ಒಂದು ಆಟೋ ಅಡ್ಡ ನಿಂತಿತ್ತು. ಅದರ ಮುಂದೆ ಹಸಿ ಹುಲ್ಲು ಚೆಲ್ಲಿತ್ತು. ಹುಲ್ಲಿನ ಪಕ್ಕದಲ್ಲಿ ಒಬ್ಬ ಹೆಂಗಸು.

ಅವಳ ಹೆಸರು ಲಚಮವ್ವ ಎಂದು ಆಮೇಲೆ ಗೊತ್ತಾಯಿತು. ಅದೇ ಊರಿನವಳು, ಐವತ್ತರ ಆಸುಪಾಸು. ಎಮ್ಮೆಗೆ ಹುಲ್ಲಿನ ಹೊರೆ ಹೊತ್ತುಕೊಂಡು ಹೊಲದಿಂದ ಮನೆಗೆ ಹೊರಟಿದ್ದಳು. ಆಟೋದ ವೇಗ ಹೆಚ್ಚಿರಲಿಲ್ಲ. ಆದರೆ ಬಿದ್ದ ರಭಸಕ್ಕೆ ಅವಳ ತಲೆ ಕಿಲೋಮೀಟರ್ ಕಲ್ಲಿಗೆ ಬಡಿದಿತ್ತು. ನಾವು ಅವಳನ್ನು ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಶಿಬಿರದಲ್ಲಿ ಉಳಿದಿದ್ದ ಹತ್ತಿಯನ್ನೆಲ್ಲ ಒತ್ತಿ ಹಿಡಿದೆ. ಖಾಜಾ ಮಿಯಾ ಹಾರ್ನಿನ ಮೇಲಿನ ಕೈ ತೆಗೆಯಲೇ ಇಲ್ಲ. ಜಹೀರಾಬಾದು ಇನ್ನೂ ಆರು ಕಿಲೋಮೀಟರ್ ಇರುವಾಗ ನಾನು ಟಾರ್ಚ್ ಹಾಕಿ ಅವಳ ಕಣ್ಣು ನೋಡಿದೆ. ಬೆಳಕು ಬಿದ್ದರೆ ಪಾಪೆ ಕುಗ್ಗಬೇಕು. ಕುಗ್ಗಲಿಲ್ಲ. ಮೂವತ್ತು ವರ್ಷ ಸಾವಿರಾರು ಕಣ್ಣುಗಳಿಗೆ ಟಾರ್ಚ್ ಹಾಕಿದ್ದೆ. ಸತ್ತ ಕಣ್ಣಿಗೆ ಹಾಕಿದ್ದು ಅದೇ ಮೊದಲು. ಖಾಜಾ ಮಿಯಾನಿಗೆ ಹೇಳಲಿಲ್ಲ. ಅವನು ಹಾರ್ನ್ ಒತ್ತುತ್ತಲೇ ಇದ್ದ.

ಆಟೋದ ಚಾಲಕ ರಾಚಪ್ಪ. ನಾರಾಯಣಖೇಡದ ಕಡೆಯವನು, ನಲವತ್ತರೊಳಗಿನ ವಯಸ್ಸು, ಹದಿನಾರು ವರ್ಷದಿಂದ ಆಟೋ ಓಡಿಸುತ್ತಿದ್ದ. ಅಂದು ಶುಂಠಿ ಹೊಲದಲ್ಲಿ ಕೂಲಿ ಮಾಡಿದ ಏಳು ಹೆಂಗಸರನ್ನು ಊರಿಗೆ ಬಿಡಲು ಹೊರಟಿದ್ದ. ರೆಕ್ಕೆಯ ಜೊತೆಗಿದ್ದವರು ಸಣ್ಣ ಗಾಡಿಗಳನ್ನು ಎಡಬದಿಯಿಂದ ಬಿಡುತ್ತಿದ್ದರು. ಹೋಗು ಎಂದು ಕೈ ಮಾಡಿದಾಗ ಅವನು ಹೊರಟ. ಕುಡಿದಿರಲಿಲ್ಲ, ಫೋನಿನಲ್ಲಿ ಮಾತಾಡುತ್ತಿರಲಿಲ್ಲ. ಪೊಲೀಸರು ಕೇಳಿದಾಗ ಅವನು ಹೇಳಿದ್ದು ಒಂದೇ ಮಾತು: ಅವಳು ನನಗೆ ಕಾಣಲಿಲ್ಲ. ಆಟೋದಲ್ಲಿದ್ದ ಏಳು ಹೆಂಗಸರೂ ರೆಕ್ಕೆ ನೋಡುತ್ತಿದ್ದರು. ನೆರೆದಿದ್ದ ಜನರೂ ಅಷ್ಟೇ. ಪೊಲೀಸರು ಊರವರ ಫೋನಿನಿಂದ ಎರಡು ವಿಡಿಯೊ ತೆಗೆದುಕೊಂಡರು. ಎರಡರಲ್ಲೂ ಬರೀ ಆಕಾಶ ಮತ್ತು ರೆಕ್ಕೆ. ನನ್ನ ಫೋನನ್ನು ಅವರು ಕೇಳಲಿಲ್ಲ, ಅದರಲ್ಲೂ ಬರೀ ರೆಕ್ಕೆ ಎಂದು ನಾನೂ ಕೊಡಲಿಲ್ಲ. ನನ್ನ ಹೇಳಿಕೆ ಮಾತ್ರ ಬರೆದುಕೊಂಡರು. ಸದ್ದು ಕೇಳಿ ತಿರುಗಿದೆ, ಅದಕ್ಕೂ ಮುಂಚೆ ಆ ಹೆಂಗಸನ್ನು ನಾನು ನೋಡಿರಲಿಲ್ಲ ಎಂದು ಹೇಳಿ ಸಹಿ ಹಾಕಿದೆ.

ಐದನೆಯ ದಿನ ಠಾಣೆಯ ಎಸ್ಐ ರಾಚಪ್ಪನನ್ನು ನನ್ನ ಕೋಣೆಗೆ ಕರೆತಂದರು. ಕಾಣಲಿಲ್ಲ ಎನ್ನುತ್ತಿದ್ದಾನೆ, ಕಣ್ಣು ಪರೀಕ್ಷಿಸಿ ವರದಿ ಕೊಡಿ ಎಂದು ಪತ್ರ ತಂದಿದ್ದರು. ಆ ಭಾಗಕ್ಕೆಲ್ಲ ಕಣ್ಣಿನ ಪರೀಕ್ಷಕ ನಾನೊಬ್ಬನೇ. ಅಪಘಾತದ ಜಾಗದಲ್ಲಿದ್ದವನು ಈ ಪರೀಕ್ಷೆ ಮಾಡಬಾರದು ಎಂದು ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆದಿತ್ತು. ಆದರೂ ಸುಮ್ಮನಿದ್ದೆ. ಅವಳ ರಕ್ತ ಮೆತ್ತಿದ ಪ್ಯಾಂಟನ್ನು ನಾನಿನ್ನೂ ತೊಳೆಸಿರಲಿಲ್ಲ. ಇವನನ್ನು ನಾನೇ ನೋಡಬೇಕು ಎಂಬ ಹಟವಿತ್ತು.

ರಾಚಪ್ಪ ಸ್ಟೂಲಿನ ತುದಿಯಲ್ಲಿ ಕೂತ. ಎರಡೂ ಬೋರ್ಡುಗಳನ್ನು ಕೊನೆಯ ಸಾಲಿನವರೆಗೆ ತಡವರಿಸದೆ ಓದಿದ. ಬಣ್ಣದ ಚುಕ್ಕೆಗಳ ಪುಸ್ತಕದಲ್ಲಿ ಎಲ್ಲ ಅಂಕಿಗಳನ್ನೂ ಹೇಳಿದ. ನನಗೆ ಸಿಟ್ಟು ಏರುತ್ತಲೇ ಇತ್ತು.

"ಸಾಹೇಬ್ರ, ನನ್ ಕಣ್ಣ ಛಲೋ ಅವರಿ. ಕಣ್ಣಿಂದೇನ್ ತಕರಾರ್ ಇಲ್ಲ" ಎಂದ. "ಆದ್ರ ಖರೇ ಹೇಳ್ತೀನಿ, ಆಕಿ ನಂಗ ಕಾಣ್ಲಿಲ್ರಿ."

"ಕಣ್ಣ ಛಲೋ ಅವ, ಆದ್ರ ಕಾಣ್ಲಿಲ್ಲ! ಅದ್ಹ್ಯಾಂಗೋ?"

"ಅದ ನಂಗೂ ತಿಳೀವಲ್ದು" ಎಂದ. ನಾಟಕ ಎಂದುಕೊಂಡೆ.

ಉಳಿದದ್ದು ಪಕ್ಕದ ನೋಟದ ಪರೀಕ್ಷೆ. ಇದಕ್ಕೆ ಯಂತ್ರ ಬೇಕಿಲ್ಲ. ರೋಗಿಯ ಎದುರು ಕೂತು, ನನ್ನ ಮೂಗನ್ನೇ ನೋಡು ಎನ್ನುತ್ತೇವೆ. ನಮ್ಮ ಬೆರಳನ್ನು ಅವನ ನೋಟದ ಹೊರಗಿನಿಂದ ಮೆಲ್ಲಗೆ ಒಳಗೆ ತರುತ್ತೇವೆ. ಬೆರಳು ಕಂಡ ಕೂಡಲೇ ಅವನು ಹೇಳಬೇಕು. ಹೀಗೆ ನಾಲ್ಕೂ ದಿಕ್ಕಿನಿಂದ. ಎಡಗಡೆಯಿಂದ ಬೆರಳು ತರುತ್ತಿದ್ದಾಗ ಕಿಟಕಿಯ ಸರಳಿನ ಮೇಲೆ ಧೊಪ್ಪನೆ ಒಂದು ಕೋತಿ ಬಂದು ಕೂತಿತು. ಆಸ್ಪತ್ರೆಯ ಅಂಗಳದ ಬೇವಿನ ಮರದಲ್ಲಿ ಅವುಗಳದ್ದೊಂದು ಹಿಂಡೇ ಇತ್ತು. ರಾಚಪ್ಪನ ಕಣ್ಣು ಅತ್ತ ಹಾರಿತು. ನನ್ನ ಬೆರಳು ಅವನ ಕಿವಿಯ ಪಕ್ಕದಿಂದ ಹೊರಟು ಮೂಗಿನ ನೇರಕ್ಕೇ ಬಂದು ನಿಂತರೂ ಅವನು ಏನೂ ಹೇಳಲಿಲ್ಲ.

"ಏ, ಮೂಗು ನೋಡು ಅಂದ್ರ ಮಂಗ್ಯಾನ್ ನೋಡ್ತಿಯೇನೋ!" ಎಂದು ಗದರಿದೆ. ಎದ್ದು ಹೋಗಿ ಕೋತಿಯನ್ನು ಓಡಿಸಿ ಕಿಟಕಿ ಹಾಕಿ ಬಂದೆ. ಮತ್ತೆ ಮೊದಲಿನಿಂದ ಪರೀಕ್ಷೆ ಮಾಡಿದೆ. ನಾಲ್ಕೂ ದಿಕ್ಕು ಸರಿಯಾಗಿ ಬಂತು.

ನಮ್ಮ ಕೆಲಸದಲ್ಲಿ ಇದೇ ಪದ್ಧತಿ. ಪರೀಕ್ಷೆಯ ನಡುವೆ ರೋಗಿ ಕಣ್ಣು ಹೊರಳಿಸಿದರೆ ಆ ಸಲದ ಫಲಿತಾಂಶ ಲೆಕ್ಕಕ್ಕಿಲ್ಲ. ಬಿಟ್ಟು ಹೊಸದಾಗಿ ಮಾಡಬೇಕು. ಹೀಗೆಯೇ ನನಗೆ ಕಲಿಸಿದ್ದರು, ನಾನು ಕಿರಿಯರಿಗೂ ಹೀಗೆಯೇ ಕಲಿಸಿದ್ದೆ. ಪದ್ಧತಿ ತಪ್ಪಲ್ಲ. ಆದರೆ ಅಂದು ಪೊಲೀಸರ ಪತ್ರ ನನ್ನನ್ನು ಕೇಳಿದ್ದ ಪ್ರಶ್ನೆಗೆ ಉತ್ತರ ಆ ಕೋತಿ ಬಂದು ಕೂತ ಎರಡು ಕ್ಷಣದಲ್ಲಿತ್ತು. ಅದನ್ನು ನಾನು ಕಿಟಕಿ ಮುಚ್ಚಿ ಹೊರಗೆ ಹಾಕಿದೆ.

ನಮೂನೆಯಲ್ಲಿ ಮೂರು ಕಾಲಂ ಇದ್ದವು: ದೂರದ ದೃಷ್ಟಿ, ಬಣ್ಣ, ಪಕ್ಕದ ನೋಟ. ಮೂರನ್ನೂ ತುಂಬಿದೆ. ಅಲ್ಲಿಗೇ ನಿಲ್ಲಿಸಬೇಕಿತ್ತು. ಕೆಳಗೆ ಷರಾ ಎಂಬ ಖಾಲಿ ಜಾಗವಿತ್ತು. ಇಷ್ಟು ವರ್ಷದಲ್ಲಿ ಅಲ್ಲಿ ಏನೂ ಬರೆದವನಲ್ಲ. ಅಂದು ಬರೆದೆ: "ಹಗಲು ಬೆಳಕಿನಲ್ಲಿ ಎದುರಿಗಿರುವ ವ್ಯಕ್ತಿ ಈತನಿಗೆ ಕಾಣದಿರಲು ಯಾವ ಕಾರಣವೂ ಇಲ್ಲ." ಮರುದಿನ ವೈದ್ಯರು ನನ್ನ ಮೇಲಿನ ನಂಬಿಕೆಯಿಂದ ಸಹಿ ಹಾಕಿದರು. ಅವಳನ್ನು ನಾನು ನೋಡಿರಲಿಲ್ಲ ಎಂದು ಪೊಲೀಸರಿಗೆ ಹೇಳಿ ಸಹಿ ಹಾಕಿದ್ದು ಅದೇ ವಾರ. ಎರಡು ಕಾಗದ, ಒಂದೇ ಸಹಿ. ನನಗೆ ಅದರಲ್ಲಿ ಏನೂ ಕೊಂಕು ಕಾಣಲಿಲ್ಲ. ನಾನು ದಾರಿಹೋಕ, ಗಾಡಿ ನಡೆಸುತ್ತಿದ್ದವನು ಅವನು. ನೋಡಬೇಕಾದದ್ದು ಅವನ ಕೆಲಸ. ಈ ವಾದ ಇಂದಿಗೂ ಪೂರ್ತಿ ಸುಳ್ಳೆಂದು ನಾನು ಹೇಳಲಾರೆ.

ಕೋರ್ಟಿನಲ್ಲಿ ವಿಚಾರಣೆ ನಡೆದದ್ದು ಸುಮಾರು ಒಂದು ವರ್ಷದ ನಂತರ. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದೆ. ಸರ್ಕಾರಿ ವಕೀಲರು ನನ್ನ ಷರಾ ಓದಿದರು. ಅವಳು ನಿಂತ ಟ್ರಾಕ್ಟರೊಂದರ ಹಿಂದಿನಿಂದ ಫಕ್ಕನೆ ಅಡ್ಡ ಬಂದಳು ಎಂಬುದು ರಾಚಪ್ಪನ ಪರ ವಕೀಲರ ವಾದ. ಅವರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು: ಕಣ್ಣು ಸರಿಯಿದ್ದೂ ಎದುರಿಗಿದ್ದದ್ದು ಕಾಣದೆ ಹೋಗುವುದು ಸಾಧ್ಯವಿಲ್ಲವೇ?

"ಕಣ್ಣು ತೆರೆದಿದ್ದರೆ ಸಾಧ್ಯವಿಲ್ಲ" ಎಂದೆ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಚೆನ್ನಾಗಿ ಹೇಳಿದೆ ಎಂದು ನನಗೆ ಒಳಗೊಳಗೇ ಹೆಮ್ಮೆಯಾಯಿತು. ಆ ಹೆಮ್ಮೆಯನ್ನು ನೆನೆದರೆ ಈಗ ಮೈ ಉರಿಯುತ್ತದೆ. ರಾಚಪ್ಪ ಕಟಕಟೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ಅವನಿಗೆ ಒಂದು ವರ್ಷದ ಸಜೆಯಾಯಿತು, ಲೈಸೆನ್ಸೂ ಹೋಯಿತು. ಜಾಮೀನಿನ ಮೇಲೆ ಹೊರಗಿದ್ದು ಮೇಲಿನ ಕೋರ್ಟಿಗೆ ಅಪೀಲು ಹಾಕಿಕೊಂಡ.

ನಿವೃತ್ತಿಗೆ ಮೂರು ತಿಂಗಳಿದ್ದಾಗ ಒಂದು ಭಾನುವಾರ ತಾಂಡೂರಿನ ಮನೆಯಲ್ಲಿ ಕೂತಿದ್ದೆ. ಫೋನು ತುಂಬಿದೆ, ಏನಾದರೂ ಅಳಿಸಿ ಎಂದು ಮತ್ತೆ ಮತ್ತೆ ಸೂಚನೆ ಬರುತ್ತಿತ್ತು. ಓದುವ ಕನ್ನಡಕ ಹಾಕಿಕೊಂಡು ಹಳೆಯ ವಿಡಿಯೊಗಳನ್ನು ಒಂದೊಂದಾಗಿ ಅಳಿಸತೊಡಗಿದೆ. ರೆಕ್ಕೆಯ ವಿಡಿಯೊ ಸಿಕ್ಕಿತು. ಅಪಘಾತದ ಮರುದಿನವೇ ಅದನ್ನು ಮನೆಮಂದಿಯ ವಾಟ್ಸಾಪ್ ಗುಂಪಿಗೆ ಕಳಿಸಿದ್ದೆ, ಹೇಳಲು ನಾಚಿಕೆಯಾಗುತ್ತದೆ. ಹೆಣ ಮಣ್ಣಾಗುವ ಮೊದಲು ನಾನು ರೆಕ್ಕೆಯ ಉದ್ದದ ಬಗ್ಗೆ ಬರೆದಿದ್ದೆ. ಗುಂಪಿನ ಇಪ್ಪತ್ತು ಚಿಲ್ಲರೆ ಜನ ನೋಡಿ ಬೆರಗಿನ ಮುಖದ ಚಿತ್ರಗಳನ್ನು ಹಾಕಿದ್ದರು. ಅಳಿಸುವ ಮುನ್ನ ಒಮ್ಮೆ ನೋಡೋಣವೆಂದು ಒತ್ತಿದೆ.

ಆಕಾಶ, ತಂತಿ, ಬಿದಿರು, ಬಿಳಿ ಬಾಲ. ನನ್ನ ದೃಷ್ಟಿ ಮೊದಲಿನ ಹಾಗೆಯೇ ಬಾಲದ ಹಿಂದೆ ಹೋಯಿತು. ಸದ್ದಿನ ನಡುವೆ ಒಂದು ಹೆಣ್ಣುದನಿ ಕೇಳಿದಂತಾಗಿ ಹಿಂದಕ್ಕೆ ಒಯ್ದು ಮತ್ತೆ ಹಾಕಿದೆ.

"ಜರಾ ಸರೀರಿ ಅಪ್ಪಾ."

ಚಿತ್ರ ಅಲುಗಾಡಿ ಒಂದು ಮಾರು ಬಲಕ್ಕೆ ಸರಿಯುತ್ತದೆ. ಫೋನು ಹಿಡಿದವನು ಪಕ್ಕಕ್ಕೆ ಸರಿದಿದ್ದಾನೆ. ಬಳಿಕ ಒಂದು ಗಂಡುದನಿ, ಫೋನಿಗೆ ತೀರ ಹತ್ತಿರದಿಂದ: "ಹಾಂ, ಹೋಗವ್ವ, ಹೋಗು."

ಆ ದನಿ ನನ್ನದು.

ಚಿತ್ರದ ಕೆಳ ಅಂಚಿನಲ್ಲಿ ಹಸಿರು ಹುಲ್ಲಿನ ದೊಡ್ಡ ಹೊರೆಯೊಂದು ತೇಲಿಕೊಂಡು ಬರುತ್ತದೆ. ಕೈ ಚಾಚಿದರೆ ತಾಗುವಷ್ಟು ಹತ್ತಿರ. ಹೊರೆಯ ಕೆಳಗೆ ಕೆಂಪು ಸೀರೆಯ ಬೆನ್ನು. ಅವಳು ರಸ್ತೆಗೆ ಇಳಿದು ನಿಧಾನವಾಗಿ, ಆತುರವಿಲ್ಲದೆ ನಡೆಯುತ್ತಾಳೆ. ಎಂಟು ಹೆಜ್ಜೆ, ನಾನು ಎಣಿಸಿದ್ದೇನೆ. ಅವಳ ಮುಂದೆ ಅಡ್ಡವಾಗಿ ಯಾವ ಗಾಡಿಯೂ ಇಲ್ಲ. ಎಡಗಡೆಯಿಂದ ಆಟೋದ ಮೂತಿ ಕಾಣಿಸುತ್ತದೆ. ಫೋನು ಮಾತ್ರ ರೆಕ್ಕೆಯನ್ನು ಬಿಟ್ಟು ಕದಲುವುದಿಲ್ಲ. ಸದ್ದು. ಆಮೇಲೆ ನೆಲ, ನನ್ನ ಚಪ್ಪಲಿ, ಕತ್ತಲೆ.

ಹೆಂಡತಿ ಬಂದು ಊಟಕ್ಕೆ ಕರೆದಾಗ ನನಗೆ ಅಳು ಬಂದಿತ್ತು. ಲಚಮವ್ವ ನನ್ನೊಡನೆ ಮಾತಾಡಿದ್ದಳು. ನಾನು ಉತ್ತರ ಕೊಟ್ಟಿದ್ದೆ, ಸರಿದು ದಾರಿ ಬಿಟ್ಟಿದ್ದೆ, ಹೋಗವ್ವ ಎಂದು ರಸ್ತೆಗೆ ಕಳಿಸಿದ್ದೆ. ಇದಿಷ್ಟರಲ್ಲಿ ಒಂದು ಚೂರೂ ನನ್ನ ನೆನಪಿನಲ್ಲಿರಲಿಲ್ಲ, ಇಂದಿಗೂ ಇಲ್ಲ. ನನ್ನ ಕಣ್ಣು ಸಿಕ್ಸ್ ಬೈ ಸಿಕ್ಸ್.

ಆ ವಾರ ನಾನು ಓದಿದ್ದನ್ನೆಲ್ಲ ಮತ್ತೆ ಓದಿದೆ. ಓದಲು ಹೊಸದೇನೂ ಇರಲಿಲ್ಲ. ನಮ್ಮ ತರಬೇತಿಯ ಮೊದಲ ವರ್ಷದಲ್ಲೇ ಇದ್ದ ಪಾಠ. ಕೈಯನ್ನು ಉದ್ದಕ್ಕೆ ಚಾಚಿ ಹೆಬ್ಬೆರಳಿನ ಉಗುರು ನೋಡಿ. ಒಂದು ಗಳಿಗೆಯಲ್ಲಿ ಕಣ್ಣು ನಿಚ್ಚಳವಾಗಿ ಕಾಣುವುದು ಹೆಚ್ಚುಕಡಿಮೆ ಅಷ್ಟೇ ಅಗಲವನ್ನು. ಉಳಿದದ್ದೆಲ್ಲ ಮಬ್ಬು. ಆ ಉಗುರಿನಷ್ಟು ನೋಟವನ್ನು ಎತ್ತ ತಿರುಗಿಸಬೇಕು ಎಂಬುದನ್ನು ನಾವೇ ನಿರ್ಧರಿಸುತ್ತೇವೆ ಎಂದುಕೊಳ್ಳುತ್ತೇವೆ. ಆದರೆ ಎಣಿಸದೆ ಇದ್ದದ್ದು, ಎಂದೂ ನೋಡದ್ದು ಎದುರಾದರೆ ಅದು ನಮ್ಮನ್ನು ಕೇಳುವುದಿಲ್ಲ. ಕಣ್ಣನ್ನು ತಾನೇ ಎಳೆದುಕೊಳ್ಳುತ್ತದೆ, ಕಣ್ಣಿನ ಜೊತೆ ಮನಸ್ಸನ್ನೂ. ಹುಲ್ಲಿನ ಹೊರೆ ಹೊತ್ತ ಹೆಂಗಸನ್ನು ನಮ್ಮ ಕಡೆ ದಿನಕ್ಕೆ ಹತ್ತು ಸಲ ನೋಡುತ್ತೇವೆ. ಗಾಳಿಯಂತ್ರದ ರೆಕ್ಕೆಯನ್ನು ಆ ಕ್ರಾಸಿನಲ್ಲಿ ಅದಕ್ಕೆ ಮುಂಚೆ ಯಾರೂ ನೋಡಿರಲಿಲ್ಲ. ನನ್ನ ಬೆರಳಿನ ಪರೀಕ್ಷೆಯಲ್ಲಿ ಒಂದು ಬೆರಳು ಬರುತ್ತದೆ ಎಂದು ರೋಗಿಗೆ ಮೊದಲೇ ಹೇಳಿರುತ್ತೇವೆ. ರಸ್ತೆಯಲ್ಲಿ ಹಾಗೆ ಹೇಳುವವರಿಲ್ಲ.

ಇನ್ನೊಂದು ಸಂಗತಿ ಹೊಳೆಯಿತು. ತಲೆಯ ಮೇಲೆ ಹೊರೆ ಇದ್ದವರು ಕತ್ತು ಎತ್ತಿ ಮೇಲೆ ನೋಡಲಾರರು. ಆ ಕ್ರಾಸಿನಲ್ಲಿ ಅಂದು ರೆಕ್ಕೆಯನ್ನು ನೋಡದೆ ತನ್ನ ದಾರಿ ನೋಡಿಕೊಂಡು ಹೊರಟಿದ್ದವಳು ಲಚಮವ್ವ ಒಬ್ಬಳೇ.

ರಾಚಪ್ಪನ ವಕೀಲರಿಗೆ ವಿಡಿಯೊ ತೋರಿಸಿದೆ. ಅವರು ಎರಡು ಸಲ ನೋಡಿ ಫೋನು ಮೇಜಿನ ಮೇಲಿಟ್ಟರು. "ಇದು ಅವನನ್ನು ಉಳಿಸಲೂಬಹುದು, ಮುಳುಗಿಸಲೂಬಹುದು" ಎಂದರು. ಅವಳಿಗೆ ಉತ್ತರ ಕೊಟ್ಟ ನನಗೇ ಅವಳು ಕಾಣಲಿಲ್ಲ ಎಂಬುದು ಅವನ ಪರ. ಆದರೆ ಅವಳು ಫಕ್ಕನೆ ಅಡ್ಡ ಬಂದಳು ಎಂದು ಅವರು ವಾದಿಸಿದ್ದರು. ಅವಳು ಎಂಟು ಹೆಜ್ಜೆ ಬಯಲಿನಲ್ಲಿ ನಡೆದಳೆಂದು ವಿಡಿಯೊ ಹೇಳುತ್ತಿತ್ತು. ಕೊಡುವುದೋ ಬಿಡುವುದೋ ರಾಚಪ್ಪನೇ ಹೇಳಲಿ ಎಂದರು.

ಅವನ ಮನೆಗೆ ಹೋದಾಗ ಬೆಳಗಿನ ಹತ್ತು ಗಂಟೆ. ಅಂಗಳದಲ್ಲಿ ಆಟೋ ಇರಲಿಲ್ಲ, ಮಾರಿದ್ದರು. ಅವನ ಹೆಂಡತಿ ಮಹಾನಂದಾ ಚಾಪೆ ಹಾಸಿದಳು. ನಾನು ಬಂದ ಕಾರಣ ಹೇಳಿದೆ. ಷರಾ ಬರೆದದ್ದು ನನ್ನ ಸಿಟ್ಟು, ನನ್ನ ಪರೀಕ್ಷೆಯಲ್ಲ ಎಂದೆ. ಕೋತಿಯ ವಿಷಯವನ್ನೂ ಹೇಳಿದೆ. ಫೋನು ತೆಗೆದಾಗ ಮಹಾನಂದಾ ಅಡ್ಡ ಬಂದಳು.

"ಅದನ್ನ ಅವರಿಗಿ ಯಾಕ ತೋರಸ್ತೀರಿ? ಮೊದ್ಲೇ ಊಟಿಲ್ಲ, ನಿದ್ದಿಲ್ಲ. ಬರದವ್ರೂ ನೀವ, ಈಗ ತೋರ್ಸಾಕ ಬಂದವ್ರೂ ನೀವ."

ರಾಚಪ್ಪನೇ ಕೈ ಚಾಚಿ ಫೋನು ತೆಗೆದುಕೊಂಡ.

ಮೊದಲ ಸಲ ನೋಡಿದಾಗ ಅವನ ಕಣ್ಣೂ ರೆಕ್ಕೆಯ ಹಿಂದೆಯೇ ಹೋಯಿತು. ಪಕ್ಕದಲ್ಲಿ ಕೂತ ನನಗೆ ಅದು ಗೊತ್ತಾಗುತ್ತಿತ್ತು. ಎರಡನೆಯ ಸಲ ನಾನು ಬೆರಳಿಟ್ಟು ತೋರಿಸಿದೆ. ಮೂರನೆಯ ಸಲ ತಾನೇ ನೋಡಿದ.

"ಟ್ರಾಕ್ಟರ್ ಹಿಂದಿಂದ ಒಮ್ಮಿಗಿಲೆ ಬಂದಾಳ ಅಂತ ನಾ ತಿಳ್ಕೊಂಡಿದ್ದೆರಿ" ಎಂದ. "ದಿನಾ ಅದನ್ನ ಹೇಳ್ಕೊಂತಿದ್ದೆ. ಆಕಿ ಒಮ್ಮಿಗಿಲೆ ಬಂದಿಲ್ಲ. ಅಲ್ಲೇ ಇದ್ದಾಳ."

ಅವನಿಗಿದ್ದ ಒಂದೇ ಆಸರೆಯನ್ನು ನಾನು ಕಿತ್ತುಕೊಂಡಿದ್ದೆ. ಸಮಾಧಾನ ಹೇಳಲು ಹೊರಟೆ. "ರಾಚಪ್ಪ, ನನ್ನ ಬಾಜೂಕ ಹಾದು ಹೋಗ್ಯಾಳ. ಮಾತಾಡ್ಸ್ಯಾಳ. ಆದ್ರೂ ನಂಗ ಕಂಡಿಲ್ಲ. ನಿನಗ ಹ್ಯಾಂಗ ಕಾಣಬೇಕಿತ್ತು?"

ಅವನು ಫೋನನ್ನು ನನ್ನ ಕೈಗಿಟ್ಟ.

"ನಿಮಗೂ ಕಂಡಿಲ್ಲ, ನಂಗೂ ಕಂಡಿಲ್ಲ. ಖರೇ ಅದ" ಎಂದ. "ಆದ್ರ ನೀವು ಆಕಿಗಿ ದಾರಿ ಬಿಟ್ಟೀರಿ, ಸಾಹೇಬ್ರ. ನಾ ಬಿಡ್ಲಿಲ್ಲ."

ಬಾಗಿಲವರೆಗೆ ಬಂದು, ಕೋರ್ಟಿಗೆ ಕೊಡ್ರಿ ಎಂದ. ಕೊಟ್ಟರೆ ಸಜೆ ಹೆಚ್ಚಾಗಬಹುದು ಎಂದು ಎಚ್ಚರಿಸಿದೆ. "ಆಗವಲ್ದ್ಯಾಕ. ನಾ ಸುಳ್ಳ ಹೇಳಿಲ್ಲ ಅಂತ ಒಬ್ಬರಿಗಾದ್ರೂ ತಿಳೀಲಿ" ಎಂದ.

ಮೇಲಿನ ಕೋರ್ಟಿಗೆ ನಾನು ಪ್ರಮಾಣಪತ್ರ ಸಲ್ಲಿಸಿದೆ. ಅಪಘಾತದ ಸ್ಥಳದಲ್ಲಿ ನಾನಿದ್ದುದು, ಆಕೆಯ ಮಾತಿಗೆ ಉತ್ತರಿಸಿಯೂ ಆಕೆಯನ್ನು ಕಾಣದೆ ಹೋದದ್ದು, ಷರಾದ ಸಾಲು ಯಾವ ಪರೀಕ್ಷೆಯಿಂದಲೂ ಬಂದದ್ದಲ್ಲ ಎಂಬುದು, ಎಲ್ಲವನ್ನೂ ಬರೆದೆ. ಮೇಲಧಿಕಾರಿಗಳು ನನ್ನಿಂದ ವಿವರಣೆ ಕೇಳಿದರು. ಮೂವತ್ತು ವರ್ಷದಲ್ಲಿ ನನ್ನ ಕಾಗದ ಮೊದಲ ಸಲ ವಾಪಸು ಬಂತು. ಕೋರ್ಟು ನನ್ನ ಸಾಲನ್ನು ಕೈಬಿಟ್ಟಿತು. ಆದರೆ ರಸ್ತೆ ನೋಡುವ ಹೊಣೆ ಚಾಲಕನದೇ ಎಂದು ಹೇಳಿ, ತಪ್ಪಿತಸ್ಥನೆಂಬ ತೀರ್ಪನ್ನು ಎತ್ತಿಹಿಡಿದು, ಸಜೆಯನ್ನು ಮೂರು ತಿಂಗಳಿಗೆ ಇಳಿಸಿತು. ರಾಚಪ್ಪ ಆ ಮೂರು ತಿಂಗಳು ಜೈಲಿನಲ್ಲಿದ್ದು ಬಂದ. ಈಗ ಕಬ್ಬಿನ ಹೊಲಗಳಲ್ಲಿ ನೀರು ಕಟ್ಟುವ ಕೆಲಸ ಮಾಡುತ್ತಾನೆ. ಯಾವ ಗಾಡಿಯ ಮುಂದಿನ ಸೀಟಿನಲ್ಲೂ ಕೂರುವುದಿಲ್ಲವಂತೆ.

ತೀರ್ಪಿನ ದಿನ ಕೋರ್ಟಿನ ಅಂಗಳದಲ್ಲಿ ಲಚಮವ್ವನ ಮಗಳು ನನ್ನ ಹತ್ತಿರ ಬಂದಳು. ಬೈಯುತ್ತಾಳೆ ಎಂದುಕೊಂಡು ನಿಂತೆ. ಅವಳು ತನ್ನ ಫೋನು ಮುಂದೆ ಹಿಡಿದು, "ಅವ್ವನ ದನಿ ನಮ್ ಬಲ್ಲಿ ಎಲ್ಲೂ ಇಲ್ರಿ. ಅದೊಂದ ನಂಗ ಕಳಸ್ರಿ" ಎಂದಳು. ಅಲ್ಲೇ ನಿಂತು ಕಳಿಸಿದೆ. ಆ ದನಿಯ ಹಿಂದೆಯೇ ನನ್ನ ದನಿಯೂ ಇದೆ, ಅದನ್ನು ಬೇರೆ ಮಾಡಿ ಕೊಡಲು ನನಗೆ ಬರಲಿಲ್ಲ.

ನಿವೃತ್ತನಾದ ಮೇಲೆ ತಾಂಡೂರಿನಲ್ಲಿ ಕಲ್ಲು ಸಾಗಿಸುವ ಲಾರಿ ಚಾಲಕರಿಗೆ ಆಗಾಗ ಕಣ್ಣಿನ ಶಿಬಿರ ನಡೆಸಿಕೊಡುತ್ತೇನೆ. ರಾಚಪ್ಪನನ್ನೂ ಆ ಮಗಳನ್ನೂ ಕೇಳಿ ಒಪ್ಪಿಗೆ ಪಡೆದಿದ್ದೇನೆ. ಬೋರ್ಡು ಓದಿಸಿದ ಮೇಲೆ ಸದ್ದು ತೆಗೆದು ಆ ವಿಡಿಯೊ ತೋರಿಸಿ, ಏನು ಕಂಡಿತು ಎಂದು ಕೇಳುತ್ತೇನೆ. ಫ್ಯಾನಿನ ರೆಕ್ಕೆ ಎನ್ನುತ್ತಾರೆ. ಬಿದಿರು ಹಿಡಿದವರನ್ನೂ ಕೆಲವರು ಹೇಳುತ್ತಾರೆ. ಮತ್ತೆ ಹಾಕಿ, ಕೆಳಗೆ ನೋಡಿ ಎನ್ನುತ್ತೇನೆ. ಆಗ ಅವರೇ ಇನ್ನೊಮ್ಮೆ ಹಾಕಲು ಹೇಳುತ್ತಾರೆ. ರಸ್ತೆಯಲ್ಲಿ ಎಂದೂ ಕಾಣದ್ದು ಕಂಡರೆ ಮೊದಲು ಕಾಲು ಬ್ರೇಕಿನ ಮೇಲೆ ಹೋಗಲಿ, ನೋಡುವುದು ಆಮೇಲೆ. ಯಾಕೆಂದರೆ ಆ ಹೊತ್ತಿನಲ್ಲಿ ಕಣ್ಣು ನಿಮ್ಮ ಮಾತು ಕೇಳುವು​ದಿಲ್ಲ ಎಂದಷ್ಟೇ ಹೇಳಿ ಮುಗಿಸುತ್ತೇನೆ.

ನನ್ನ ಕೆಲಸ ನನಗೆ ಕಲಿಸಿದ್ದೂ ಅಷ್ಟೇ, ತಡವಾಗಿ ಕಲಿಸಿತು. ಒಬ್ಬನ ಕಣ್ಣು ಸರಿಯಿದೆ ಎಂದು ನಾನು ಬರೆಯಬಲ್ಲೆ. ಅವನಿಗೆ ಕಂಡಿತ್ತು ಎಂದು ಬರೆಯಲಾರೆ. ಈಗಲೂ ಯಾರಾದರೂ ದಾರಿಯಲ್ಲಿ "ಜರಾ ಸರೀರಿ" ಎಂದರೆ ನಾನು ಸರಿಯುವ ಮೊದಲು ತಿರುಗಿ ಅವರ ಮುಖ ನೋಡುತ್ತೇನೆ.